ಸರ್ಕಾರ, ಸಮಾಜ, ನೀತಿ: ನಮ್ಮ ಜಗಲಿಯಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಶಿವಮೊಗ್ಗ ಜಿಲ್ಲೆಯ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತನಾಗಿ ಸೇರಿ ಶಿರಸ್ತೇದಾರನಾಗಿ ನಿವೃತ್ತನಾದವನು. ಈಗ ತೀರ್ಥಹಳ್ಳಿ ಕಡೆ ಇರುವ ನಮ್ಮ ಊರಲ್ಲಿ ಎರಡೆಕರೆ ಅಡಿಕೆ ತೋಟ ನೋಡಿಕೊಂಡಿದ್ದೇನೆ. ಭಾನುವಾರ ಬೆಳಿಗ್ಗೆ ಜಗಲಿಯಲ್ಲಿ ಕೂತು, ಬಂದವರಿಗೆ ಅರ್ಜಿ ಬರೆದುಕೊಡುತ್ತೇನೆ. ಪಹಣಿ ತಿದ್ದುಪಡಿ, ಪೋಡಿ (ಜಮೀನು ಅಳೆದು ಪಾಲು ಬೇರೆ ಮಾಡಿಸುವುದು), ವಿಧವಾ ವೇತನ, ಮಾಹಿತಿ ಹಕ್ಕು, ಯಾವುದಾದರೂ ಸರಿ. ಬಂದವರು ಅರ್ಜಿಗಿಂತ ಪ್ರಶ್ನೆಯನ್ನೇ ಜಾಸ್ತಿ ತರುತ್ತಾರೆ. ಅವವೇ ಪ್ರಶ್ನೆ, ಅವವೇ ಉತ್ತರ. ಮಗಳು ಕೇಳಿ ಕೇಳಿ ಬೇಜಾರಾಗಿ, "ಅಪ್ಪಾ, ಒಂದ್ಸಲ ಬರೆದು ಹಾಕಿಬಿಡಿ" ಅಂದಳು. ಹಾಕಿದ್ದೇನೆ.

ನೀತಿ ಅಂದ್ರೆ ಕಾನೂನು ಪಾಲಿಸೋದೇ ಅಲ್ವಾ?

ಅರ್ಧ ಹೌದು. ದನ ಬೇಲಿ ದಾಟಲಿಲ್ಲ ಅಂದ ಮಾತ್ರಕ್ಕೆ ಅದು ಸಾಧು ಅಂತ ಹೇಳಲಿಕ್ಕಾಗುವುದಿಲ್ಲ, ಬೇಲಿ ಗಟ್ಟಿ ಇರಬಹುದು. ಒಂದು ಪ್ರಮಾಣಪತ್ರ ಇಷ್ಟು ದಿನದೊಳಗೆ ಕೊಡಬೇಕು ಅಂತ ನಿಯಮ ಇರುತ್ತದೆ. ಕೆಲಸ ಎರಡೇ ದಿನದ್ದು. ಆದರೂ ಕೊನೆಯ ದಿನದವರೆಗೆ ಕಟ್ಟಿಟ್ಟು, ಆ ದಿನ ಸಂಜೆ ಸಹಿ ಹಾಕುವವರನ್ನು ನಾನು ಕಂಡಿದ್ದೇನೆ. ನಿಯಮ ಮುರಿದಿಲ್ಲ. ಆದರೆ ಅಷ್ಟರಲ್ಲಿ ಯಾವುದೋ ಹುಡುಗಿ ಹಾಸ್ಟೆಲ್‌ಗೆ ಅರ್ಜಿ ಹಾಕುವ ಗಡುವು ಮುಗಿದಿರುತ್ತದೆ. ಯಾರ ಮೇಲೆ ದೂರು ಕೊಡುತ್ತೀರಿ? ಯಾರ ಮೇಲೂ ಇಲ್ಲ. ಇಂಥ ಜಾಗದಲ್ಲಿ ಕಾನೂನಿನ ಕೈ ಮುಟ್ಟುವುದಿಲ್ಲ, ಆ ಕುರ್ಚಿಯಲ್ಲಿ ಕೂತ ಮನುಷ್ಯ ಎಂಥವನು ಅನ್ನುವುದೇ ಎಲ್ಲ.

ಇದಕ್ಕೆ ಉಲ್ಟಾನೂ ಇದೆ. ಕಾನೂನು ಮುರಿದು ಜೈಲಿಗೆ ಹೋದವರೆಲ್ಲ ನೀತಿಗೆಟ್ಟವರಲ್ಲ. ಕಾಗೋಡಿನವರನ್ನೇ ನೋಡಿ.

ಕಾಗೋಡಿಗೂ ನೀತಿಗೂ ಏನು ಸಂಬಂಧ? ಅದು ಭೂಮಿ ಹೋರಾಟ ಅಲ್ವಾ?

ಭೂಮಿಯ ಹೋರಾಟ ಹೌದು, ಆದರೆ ಹೊತ್ತಿಕೊಂಡಿದ್ದು ಅಳತೆಯಿಂದ. ಸಾಗರ ತಾಲೂಕಿನ ಕಾಗೋಡಿನಲ್ಲಿ ಗದ್ದೆ ಒಡೆಯರದ್ದು, ಗೇಯುವವರು ಗೇಣಿದಾರರು. ಗೇಣಿ ಭತ್ತವನ್ನು ಕೊಳಗ ಅನ್ನುವ ಅಳತೆ ಪಾತ್ರೆಯಲ್ಲಿ ಅಳೆದು ಕೊಡಬೇಕು. ಕೊಳಗ ಒಡೆಯರ ಮನೆಯದ್ದು, ಅದು ಇರಬೇಕಾದ್ದಕ್ಕಿಂತ ದೊಡ್ಡದು. ಲೆಕ್ಕದ ಪುಸ್ತಕ ತೆಗೆದರೆ ಎಲ್ಲ ಸರಿಯಾಗಿರುತ್ತಿತ್ತು, ಇಷ್ಟು ಕೊಳಗ ಗೇಣಿ, ಇಷ್ಟು ಕೊಳಗ ಪಾವತಿ. ಮೋಸ ಇದ್ದದ್ದು ಕೊಳಗದ ಹೊಟ್ಟೆಯಲ್ಲಿ. ಎಚ್. ಗಣಪತಿಯಪ್ಪ ರೈತರನ್ನು ಒಟ್ಟು ಮಾಡಿದರು. 1951ರಲ್ಲಿ ಸತ್ಯಾಗ್ರಹ ಶುರುವಾಯಿತು. ಶಾಂತವೇರಿ ಗೋಪಾಲಗೌಡರಂಥ ಸಮಾಜವಾದಿಗಳು ಜೊತೆ ನಿಂತರು, ಅವರ ನಾಯಕ ರಾಮಮನೋಹರ ಲೋಹಿಯಾ ಅಷ್ಟು ದೂರದಿಂದ ಬಂದು ಇಲ್ಲಿ ಬಂಧನಕ್ಕೊಳಗಾದರು. ಅಂದಿನ ಕಾನೂನಿನ ಲೆಕ್ಕದಲ್ಲಿ ತಪ್ಪಿತಸ್ಥರು ರೈತರೇ. 1974ರಲ್ಲಿ, ದೇವರಾಜ ಅರಸರ ಕಾಲದಲ್ಲಿ, ಉಳುವವನೇ ಹೊಲದೊಡೆಯ ಅಂತ ಕಾನೂನೇ ಬದಲಾಯಿತು. ಅಲ್ಲಿಗೆ 23 ವರ್ಷ ಬೇಕಾಯಿತು.

ನಮ್ಮ ಮನೆ ಅಟ್ಟದಲ್ಲೂ ಒಂದು ಹಳೇ ಕೊಳಗ ಇದೆ. ಮರದ್ದು, ಬಾಯಿಗೆ ಕಬ್ಬಿಣದ ಪಟ್ಟಿ, ಒಳಗೆ ಕೈ ಹಾಕಿದರೆ ನುಣ್ಣಗೆ. ಹೋದ ಬೇಸಿಗೆಯಲ್ಲಿ ಮೊಮ್ಮಗಳು ಅದನ್ನು ಕೆಳಗಿಳಿಸಿ, ಆಟಕ್ಕೆ ಸೇರಿನಿಂದ ಅಕ್ಕಿ ಅಳೆದು ಹಾಕುತ್ತ ಕೂತಿದ್ದಳು. ನಮ್ಮಮ್ಮ ಹೇಳುತ್ತಿದ್ದ ಲೆಕ್ಕಕ್ಕಿಂತ ಒಂದೂವರೆ ಸೇರು ಜಾಸ್ತಿ ಹಿಡಿಯಿತು. "ಅಜ್ಜಾ, ಇದು ನಾವು ಕೊಡೋ ಕೊಳಗನಾ, ತಗೊಳ್ಳೋ ಕೊಳಗನಾ?" ಅಂದಳು. ಕಾಗೋಡಿನ ಕಥೆ ಅವಳಿಗೆ ಹೇಳಿದ್ದೇ ನಾನು. ಉತ್ತರ ಹೇಳದೆ ಒಳಗೆ ಹೋದೆ.

ಆಡಳಿತದಲ್ಲಿ ನೀತಿ ಅನ್ನೋದೆಲ್ಲ ಓದಿದವರ ಹೊಸ ಮಾತು ಅಲ್ವಾ?

ಹೆಸರು ಹೊಸದು. ಐಎಎಸ್ ಪರೀಕ್ಷೆಯಲ್ಲಿ ನೀತಿಶಾಸ್ತ್ರಕ್ಕೆ ಅಂತಲೇ 250 ಅಂಕದ ಒಂದು ಪತ್ರಿಕೆ ಬಂದಿದ್ದು 2013ರಲ್ಲಿ. ಅದಕ್ಕೂ ಮುಂಚೆ, ನಮ್ಮವರೇ ಆದ ವೀರಪ್ಪ ಮೊಯಿಲಿ ಅಧ್ಯಕ್ಷರಾಗಿದ್ದ ಎರಡನೇ ಆಡಳಿತ ಸುಧಾರಣಾ ಆಯೋಗ 2007ರಲ್ಲಿ ಆಡಳಿತದಲ್ಲಿ ನೀತಿ ಅನ್ನುವ ವಿಷಯಕ್ಕೇ ಒಂದು ಇಡೀ ವರದಿ ಕೊಟ್ಟಿತು. ಬ್ರಿಟನ್ನಿನಲ್ಲಿ 1995ರಲ್ಲಿ ನೋಲನ್ ಸಮಿತಿ ಸಾರ್ವಜನಿಕ ಹುದ್ದೆಯಲ್ಲಿರುವವರಿಗೆ ಏಳು ಗುಣ ಪಟ್ಟಿ ಮಾಡಿತ್ತು. ಸ್ವಾರ್ಥ ಬಿಡಬೇಕು, ಯಾರ ಹಂಗಿಗೂ ಬೀಳಬಾರದು, ಕೇಳಿದರೆ ಲೆಕ್ಕ ಕೊಡಬೇಕು, ಹೀಗೆ. ಒಳ್ಳೇ ಪಟ್ಟಿ. ಆದರೆ ನಮ್ಮ ಅಜ್ಜಿಗೆ ಓದಿ ಹೇಳಿದ್ದರೆ, "ಇದನ್ನ ಹೇಳಕ್ಕೆ ಸಮಿತಿ ಬೇಕಿತ್ತಾ?" ಅನ್ನುತ್ತಿದ್ದಳು.

ಮಲೆನಾಡಿನವರು ಮೊದಲಿಂದ್ಲೂ ಪ್ರಾಮಾಣಿಕರು ಅಂತಾರಲ್ಲ, ನಿಜಾನಾ?

ಇದಕ್ಕೆ ಸ್ವಲ್ಪ ಉದ್ದ ಉತ್ತರ ಕೊಡಬೇಕು. ಯಾಕೆಂದರೆ ನನ್ನ ಪ್ರಕಾರ ಇಡೀ ವಿಷಯದ ಗಂಟು ಇಲ್ಲೇ ಇದೆ.

ಚೇಣಿ ವ್ಯವಹಾರ ನೋಡಿ. ಅಡಿಕೆ ಇನ್ನೂ ಮರದ ಮೇಲಿರುವಾಗಲೇ ಬೆಲೆ ಮಾತಾಡಿ, ಮುಂಗಡ ಕೊಟ್ಟು, ಚೇಣಿದಾರ ಹೋಗುತ್ತಾನೆ. ಎಷ್ಟೋ ಮನೆಗಳಲ್ಲಿ ಅದಕ್ಕೆ ಒಂದು ಚೀಟಿಯೂ ಇರುವುದಿಲ್ಲ. ಲಕ್ಷಗಟ್ಟಲೆ ದುಡ್ಡು ಬರೀ ಬಾಯಿಮಾತಿನ ಮೇಲೆ ನಡೆಯುತ್ತದೆ. ಮುಯ್ಯಾಳು ಪದ್ಧತಿಯೂ ಹಾಗೇ. ಇವತ್ತು ನೀನು ನಮ್ಮ ಗದ್ದೆ ನಾಟಿಗೆ ಬಂದೆ, ನಾಡಿದ್ದು ನಾನು ನಿಮ್ಮ ಗದ್ದೆಗೆ ಬರುತ್ತೇನೆ. ಯಾರೂ ಬರೆದಿಡಲ್ಲ, ಯಾರೂ ಮರೆಯಲ್ಲ. ಸಾಗರ, ಹೊಸನಗರದ ಕಡೆ ತೋಟದ ದಣಪೆಯಲ್ಲಿ, ಅಂದರೆ ಬೇಲಿಯ ಬಾಗಿಲಲ್ಲಿ, ಸಿಗಂದೂರು ಚೌಡೇಶ್ವರಿ ದೇವಿಯ ಕಾವಲಿದೆ ಅಂತ ಬೋರ್ಡು ಹೊಡೆದಿರುತ್ತಾರೆ. ಸೋಗೆ ಮುರಿಯುವುದಿರಲಿ, ಬಿದ್ದ ಗೋಟಡಿಕೆ ಹೆಕ್ಕಲಿಕ್ಕೂ ಜನ ಹಿಂದೆ ಮುಂದೆ ನೋಡುತ್ತಾರೆ.

ಅದೇ ಜನ, ಅಂದರೆ ನಾವೇ, ಪಂಚಾಯ್ತಿಯ ಕುಡಿಯುವ ನೀರಿನ ಪೈಪಿಗೆ ರಾತ್ರಿ ತೂತು ಕೊರೆದು ತೋಟಕ್ಕೆ ಬಿಟ್ಟುಕೊಳ್ಳುತ್ತೇವೆ. ಕರೆಂಟಿಗೆ ಕೊಕ್ಕೆ ಹಾಕುತ್ತೇವೆ. ಕಾರು ಇದ್ದವರೂ ಬಿಪಿಎಲ್ ಕಾರ್ಡು ಇಟ್ಟುಕೊಳ್ಳುತ್ತೇವೆ. ಯಾಕೆ ಅಂದರೆ "ಸರ್ಕಾರದ್ದು ಅಲ್ವಾ" ಅನ್ನುತ್ತೇವೆ. ಸರ್ಕಾರಕ್ಕೆ ಮುಖ ಇಲ್ಲ. ಮುಖ ಇದ್ದವರಿಗೆ ನಾವು ಮೋಸ ಮಾಡುವುದಿಲ್ಲ, ಗುರುತು ಇಲ್ಲದವರಿಗೆ ಮಾಡಿದರೆ ಮೋಸ ಅಂತ ಅನಿಸುವುದೇ ಇಲ್ಲ. ಪೈಪಿನ ಆ ತುದಿಯಲ್ಲಿ, ಗುಡ್ಡದ ಮೇಲಿನ ಕೇರಿಯಲ್ಲಿ, ಬೆಳಗಾಗೆದ್ದು ನಲ್ಲಿ ತಿರುಗಿಸಿ ಬರೀ ಗಾಳಿಯ ಸದ್ದು ಕೇಳುವ ಹೆಂಗಸು ನಮ್ಮ ಲೆಕ್ಕದಲ್ಲಿ ಇರುವುದೇ ಇಲ್ಲ. ಪಂಚಾಯ್ತಿ ಪೈಪಿಗೆ ಚೌಡೇಶ್ವರಿಯ ಬೋರ್ಡು ಹೊಡೆದದ್ದನ್ನು ನಾನಂತೂ ನೋಡಿಲ್ಲ.

ಕಚೇರಿಯಲ್ಲಿ ಕೂತವನೂ ಇದೇ ಊರಿನಿಂದ ಹೋದವನು ತಾನೇ. ಅವನಿಗೂ ಪರಿಚಯದವರು ಬಂದರೆ ಮನುಷ್ಯರು ಬಂದ ಹಾಗೆ, ಉಳಿದವರು ಬಂದರೆ ಫೈಲು ಬಂದ ಹಾಗೆ.

ಪರಿಚಯದವರಿಗೆ ಒಂಚೂರು ಬೇಗ ಕೆಲಸ ಮಾಡಿಕೊಟ್ರೆ ತಪ್ಪಾ? ದುಡ್ಡೇನೂ ತಗೊಂಡಿಲ್ವಲ್ಲ?

ನಾನೂ ಇಪ್ಪತ್ತು ವರ್ಷ ಹಾಗೇ ಅಂದುಕೊಂಡಿದ್ದೆ. ಕೈ ಶುದ್ಧ ಅಂತ ಜಂಬವೂ ಇತ್ತು.

ಆಗ ಆಷಾಢ ಮಾಸ, ಮಳೆ ಅಂದರೆ ಕೇಳಬೇಡಿ. ಭೋಜನ ವಿರಾಮಕ್ಕೆ ಇನ್ನೂ ಅರ್ಧ ಗಂಟೆ ಇತ್ತು. ನಮ್ಮ ಭಾವ, ಅಂದರೆ ನನ್ನ ಹೆಂಡತಿಯ ಅಣ್ಣ, ಸೀದಾ ಒಳಗೆ ಬಂದು ಮೇಜಿನ ಪಕ್ಕ ಕುರ್ಚಿ ಎಳೆದುಕೊಂಡ. ಖಾತೆ ಬದಲಾವಣೆ ಕಾಗದ. ನಾನು ಅಟೆಂಡರನ್ನು ಕಳಿಸಿ ಎರಡು ಕಾಫಿ ತರಿಸಿದೆ, ಅವನ ಫೈಲು ಹುಡುಕಿಸಿದೆ, ಟಿಪ್ಪಣಿ ಬರೆದೆ, ಸಾಹೇಬರ ಮೇಜಿಗೆ ನಾನೇ ಹೋಗಿ ಇಟ್ಟೆ. ಬಾಗಿಲಾಚೆ ಬೆಂಚಿನ ಮೇಲೆ ಒಬ್ಬರು ಅಜ್ಜಿ ಕೂತಿದ್ದರು. ಕಂಬಳಿ ಕೊಪ್ಪೆ ಮಡಚಿ ಕಾಲ ಕೆಳಗೆ ಇಟ್ಟಿದ್ದರು, ಅದರಿಂದ ನೀರು ಇಳಿದು ಬಾಗಿಲವರೆಗೆ ಹರಿದಿತ್ತು. ಕಾಗದಗಳನ್ನು ಗೊಬ್ಬರದ ಚೀಲದ ಒಳಗಿನ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಮೇಲೆ ಬಾಳೆನಾರು ಕಟ್ಟಿದ್ದರು. ಬೆಳಗಿನ ಮೊದಲ ಬಸ್ಸಿಗೆ ಬಂದವರು. ಊಟದ ಗಂಟೆ ಆದಾಗ ನಾನು, "ಮಧ್ಯಾಹ್ನದ ಮೇಲೆ ಬನ್ನಿ ಅಜ್ಜಿ" ಅಂದೆ. "ಎರಡು ಗಂಟೆಗೆ ನಮ್ಮ ಕಡೆ ಬಸ್ಸು ತಮಾ, ಅದು ಬಿಟ್ರೆ ಇಲ್ಲ" ಅಂದರು. ಸಿಟ್ಟಿನಿಂದಲ್ಲ, ನನಗೆ ತಿಳಿಸುವವರ ಹಾಗೆ. ಬಾಳೆನಾರು ಬಿಚ್ಚದೆ ಎದ್ದು ಹೋದರು. ಮುಂದಿನ ವಾರ ಬಂದರೋ ಇಲ್ಲವೋ ಗೊತ್ತಿಲ್ಲ, ನಾನು ರಜೆಯಲ್ಲಿದ್ದೆ.

ಒಂದು ರೂಪಾಯಿ ಲಂಚ ಆಗಿಲ್ಲ. ಲೋಕಾಯುಕ್ತದವರು ಬಂದು ಹುಡುಕಿದ್ದರೂ ಏನೂ ಸಿಗುತ್ತಿರಲಿಲ್ಲ. ಆದರೆ ಅಜ್ಜಿಯ ಅರ್ಧ ಗಂಟೆ ಕದ್ದು ಭಾವನಿಗೆ ಕೊಟ್ಟಿದ್ದೆ, ಅದೂ ಕಾಫಿ ಸಮೇತ. ನಮ್ಮ ಕಡೆ ದುಡ್ಡಿನ ಲಂಚಕ್ಕಿಂತ ಈ ಪರಿಚಯದ ಲಂಚ ಜಾಸ್ತಿ, ಮತ್ತೆ ಇದನ್ನು ನಾವು ಒಳ್ಳೇ ಗುಣ ಅಂತ ಹೊಗಳುತ್ತೇವೆ: "ಆ ಮನುಷ್ಯ ನಮ್ಮವರಿಗೆ ಯಾವತ್ತೂ ಇಲ್ಲ ಅನ್ನಲ್ಲ."

ಲಂಚ ಕೊಡದಿದ್ರೆ ಕೆಲಸ ಆಗಲ್ಲ. ಕೊಡೋದೂ ಅಪರಾಧನಾ?

ಹೌದು, ಈಗ ಅಪರಾಧವೇ. ಭ್ರಷ್ಟಾಚಾರ ತಡೆ ಕಾಯ್ದೆ 1988ರದ್ದು. 2018ರಲ್ಲಿ ತಿದ್ದುಪಡಿ ಆದ ಮೇಲೆ ಕೊಡುವವರಿಗೂ ಏಳು ವರ್ಷದವರೆಗೆ ಶಿಕ್ಷೆ ಆಗಬಹುದು. ಆದರೆ ಒಂದು ದಾರಿ ಬಿಟ್ಟಿದ್ದಾರೆ. ಒತ್ತಾಯಕ್ಕೆ ಸಿಕ್ಕಿ ಕೊಟ್ಟಿದ್ದರೆ, ಕೊಟ್ಟ 7 ದಿನದೊಳಗೆ ಪೊಲೀಸರಿಗೋ ತನಿಖಾ ಸಂಸ್ಥೆಗೋ ತಿಳಿಸಿದರೆ ನಿಮ್ಮ ಮೇಲೆ ಕೇಸಿಲ್ಲ. ಕೊಡುವ ಮೊದಲೇ ಲೋಕಾಯುಕ್ತ ಪೊಲೀಸರಿಗೆ ಹೇಳಿದರೆ ಇನ್ನೂ ಒಳ್ಳೆಯದು, ಅವರೇ ನೋಟಿಗೆ ಪುಡಿ ಹಚ್ಚಿ ಕಳಿಸುತ್ತಾರೆ.

ಅಷ್ಟು ದೂರ ಹೋಗುವ ಧೈರ್ಯ ಎಲ್ಲರಿಗೂ ಇರಲ್ಲ, ನನಗೆ ಗೊತ್ತು. ಅದಕ್ಕೇ ಮೊದಲ ಹೆಜ್ಜೆ ಸಣ್ಣದು. ಅರ್ಜಿ ಕೊಟ್ಟು ಸುಮ್ನೆ ಬರಬೇಡಿ, ಸ್ವೀಕೃತಿ ತಗೊಳ್ಳಿ. ಗಡುವಿನೊಳಗೆ ಸೇವೆ ಕೊಡಬೇಕು ಅನ್ನುವ ಸಕಾಲ ಯೋಜನೆಯಲ್ಲಿ ಬರುವ ಸೇವೆ ಆದರೆ ಜಿಎಸ್‌ಸಿ ನಂಬರು, ಅಂದರೆ ಅರ್ಜಿಯ ಗುರುತಿನ ನಂಬರು, ಕೇಳಿ. ಸಕಾಲ ಕಾಯ್ದೆ 2011ರದ್ದು, ರಾಜ್ಯದ ಎಲ್ಲ ಕಡೆ ಶುರುವಾಗಿದ್ದು 2012ರ ಏಪ್ರಿಲ್‌ನಲ್ಲಿ. ಗಡುವು ಮೀರಿದರೆ ದಿನಕ್ಕೆ 20 ರೂಪಾಯಿಯಂತೆ, 500 ರೂಪಾಯಿವರೆಗೆ ಪರಿಹಾರ ಕೇಳಬಹುದು, ಅದು ತಪ್ಪು ಮಾಡಿದ ನೌಕರನ ಜೇಬಿನಿಂದ ಹೋಗುತ್ತದೆ. 20 ರೂಪಾಯಿಗೆ ಇವತ್ತು ಒಳ್ಳೇ ಕಾಫಿ ಸಿಗುವುದೂ ಕಷ್ಟ, ನಿಜ. ಆದರೆ ಒಳಗಿದ್ದವನಾಗಿ ಹೇಳುತ್ತೇನೆ, ನಮಗೆ ಹೆದರಿಕೆ ದುಡ್ಡಿಂದಲ್ಲ, ಆ ಕೆಂಪು ಗೆರೆ ದಾಟಿದ ಪಟ್ಟಿಯಲ್ಲಿ ಹೆಸರು ಬರುತ್ತದಲ್ಲ, ಅದರಿಂದ.

ಕೆಲಸ ಆದ ಮೇಲೆ ಖುಷಿಗೆ ಒಂದು ಬಾಳೆಗೊನೆ ಕೊಟ್ರೆ?

ಕೊಡಬೇಡಿ. ಮೊದಲು ಕೊಟ್ಟರೂ ಆಮೇಲೆ ಕೊಟ್ಟರೂ ಕಾಯ್ದೆಗೆ ಒಂದೇ. ಬಾಳೆಗೊನೆ, ಜೇನು ಬಾಟಲಿ, ಅಪ್ಪೆಮಿಡಿ ಉಪ್ಪಿನಕಾಯಿ, ಎಲ್ಲದಕ್ಕೂ ಇದೇ ಉತ್ತರ. ಕೊಟ್ಟವರಿಗೆ ಖುಷಿ ಇರಬಹುದು, ಆದರೆ ಮುಂದಿನ ಸಲ ಗೊನೆ ಬೆಳೆಯದವನು ಬರುತ್ತಾನಲ್ಲ, ಅವನು ಬರಿಗೈಯಲ್ಲಿ ನಿಲ್ಲಬೇಕಾಗುತ್ತದೆ.

ಲೋಕಾಯುಕ್ತ ಇದ್ದೂ ಲಂಚ ಯಾಕೆ ನಿಂತಿಲ್ಲ?

ಲೋಕಾಯುಕ್ತ ಕಾಯ್ದೆ ಬಂದಿದ್ದು 1984ರಲ್ಲಿ, ಸಂಸ್ಥೆ ಶುರುವಾಗಿದ್ದು 1986ರಲ್ಲಿ. ಒಳ್ಳೇ ದಿನಗಳನ್ನೂ ಕಂಡಿದೆ. 2011ರಲ್ಲಿ ನ್ಯಾಯಮೂರ್ತಿ ಸಂತೋಷ್ ಹೆಗ್ಡೆ ಅಕ್ರಮ ಗಣಿಗಾರಿಕೆ ವರದಿ ಕೊಟ್ಟಾಗ ರಾಜ್ಯದ ಮುಖ್ಯಮಂತ್ರಿಯೇ ರಾಜೀನಾಮೆ ಕೊಡಬೇಕಾಯಿತು. ಆಮೇಲೆ 2016ರಲ್ಲಿ ಎಸಿಬಿ, ಅಂದರೆ ಭ್ರಷ್ಟಾಚಾರ ನಿಗ್ರಹ ದಳ, ಅಂತ ಬೇರೆ ಮಾಡಿ, ಲೋಕಾಯುಕ್ತದ ಕೈಯಿಂದ ಲಂಚದ ಕೇಸು ತನಿಖೆ ಮಾಡುವ ಅಧಿಕಾರ ಕಿತ್ತುಕೊಂಡರು. 2022ರ ಆಗಸ್ಟ್‌ನಲ್ಲಿ ಹೈಕೋರ್ಟು ಎಸಿಬಿಯನ್ನೇ ರದ್ದು ಮಾಡಿ ಅಧಿಕಾರ ವಾಪಸ್ ಕೊಡಿಸಿತು. ನಾಯಿ ಕಚ್ಚುತ್ತದೆ ಅಂತ ಗೊತ್ತಾದ ಕೂಡಲೇ ಸರಪಳಿ ಗಿಡ್ಡ ಮಾಡಿದರು, ಅಷ್ಟೇ. ಯಾವ ಪಕ್ಷ ಅಂತ ಕೇಳಬೇಡಿ, ಈ ವಿಷಯದಲ್ಲಿ ಎಲ್ಲರ ಮನಸ್ಸೂ ಹೆಚ್ಚುಕಡಿಮೆ ಒಂದೇ.

ನೌಕರ ಒಳ್ಳೆಯವನೇ, ಮೇಲಿನಿಂದ ಫೋನ್ ಬಂದ್ರೆ ಪಾಪ ಅವನೇನು ಮಾಡ್ತಾನೆ?

"ಬರೆದು ಕೊಡಿ ಸಾರ್" ಅನ್ನಬೇಕು. ನನ್ನ ಸರ್ವೀಸಿನಲ್ಲಿ ಇದಕ್ಕಿಂತ ಒಳ್ಳೇ ಮಂತ್ರ ಕಲಿಯಲಿಲ್ಲ. 2013ರಲ್ಲಿ ಸುಪ್ರೀಂ ಕೋರ್ಟೂ ಇದನ್ನೇ ಹೇಳಿತು, ಅಧಿಕಾರಿಗಳು ಬಾಯಿಮಾತಿನ ಆದೇಶದ ಮೇಲೆ ನಡೆಯಬಾರದು, ಬಾಯಲ್ಲಿ ಹೇಳಿದ್ದನ್ನು ಬರಹದಲ್ಲಿ ದಾಖಲು ಮಾಡಬೇಕು ಅಂತ. ಹತ್ತು ಫೋನಿನಲ್ಲಿ ಒಂಬತ್ತು ಫೋನು ಬರೆದು ಕೊಡಿ ಅಂದ ತಕ್ಷಣ ತಣ್ಣಗಾಗುತ್ತವೆ. ಹತ್ತನೆಯದಕ್ಕೆ ವರ್ಗಾವಣೆ. ನನಗೆ ಎರಡು ಸಲ ಆಗಿದೆ. ಒಂದು ಸಲ ಮಗಳ ಪರೀಕ್ಷೆಯ ಮೊದಲ ವಾರ. ಮನೆಯಲ್ಲಿ ಯಾರೂ ಶಭಾಷ್ ಅನ್ನಲಿಲ್ಲ, ಹೆಂಡತಿ ನಾಲ್ಕು ದಿನ ಮಾತು ಬಿಟ್ಟಳು. ಇದನ್ನು ಯಾಕೆ ಹೇಳುತ್ತೇನೆ ಅಂದರೆ, ಪ್ರಾಮಾಣಿಕ ನೌಕರನ ಬೆಲೆ ಮನೆಯವರೂ ಕಟ್ಟಬೇಕಾಗುತ್ತದೆ, ಆ ಬಿಲ್ಲನ್ನು ಭಾಷಣ ಮಾಡುವವರು ತೋರಿಸುವುದಿಲ್ಲ.

ನೈತಿಕ ಹೊಣೆ ಹೊತ್ತು ರಾಜೀನಾಮೆ ಅಂತಾರಲ್ಲ, ಯಾರಾದ್ರೂ ಕೊಟ್ಟಿದ್ದಾರಾ?

ಕೊಟ್ಟಿದ್ದಾರೆ. 1956ರಲ್ಲಿ ತಮಿಳುನಾಡಿನ ಅರಿಯಲೂರಿನ ಹತ್ತಿರ ರೈಲು ಅಪಘಾತ ಆದಾಗ ಲಾಲ್ ಬಹದ್ದೂರ್ ಶಾಸ್ತ್ರಿ ರೈಲ್ವೆ ಮಂತ್ರಿ ಸ್ಥಾನ ಬಿಟ್ಟರು. ಅವರೇನು ರೈಲು ಓಡಿಸುತ್ತಿರಲಿಲ್ಲ. ನಮ್ಮಲ್ಲೇ ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆ, 1984ರ ಲೋಕಸಭೆ ಚುನಾವಣೆಯಲ್ಲಿ ಅವರ ಜನತಾ ಪಕ್ಷಕ್ಕೆ 28ರಲ್ಲಿ 4 ಸ್ಥಾನ ಮಾತ್ರ ಬಂದಾಗ, ಆಳುವ ನೈತಿಕ ಹಕ್ಕು ಹೋಯಿತು ಅಂತ ಹೇಳಿ ರಾಜೀನಾಮೆ ಕೊಟ್ಟು ವಿಧಾನಸಭೆ ಚುನಾವಣೆಗೆ ಹೋದರು. 1985ರಲ್ಲಿ ಬಹುಮತ ತಗೊಂಡು ವಾಪಸ್ ಬಂದರು. ಅದು ನೀತಿಯೋ ಜಾಣತನವೋ ಅಂತ ಚಹಾದಂಗಡಿಯಲ್ಲಿ ಈಗಲೂ ಜಗಳ ಆಗುತ್ತದೆ. ಎರಡೂ ಇತ್ತು ಅಂತ ನನ್ನ ಅಂದಾಜು, ಎರಡೂ ಇದ್ದರೆ ನನಗೇನೂ ಬೇಜಾರಿಲ್ಲ. 1988ರಲ್ಲಿ ಟೆಲಿಫೋನ್ ಕದ್ದಾಲಿಕೆ ವಿಷಯಕ್ಕೆ ಅದೇ ಹೆಗಡೆಯವರು ಮತ್ತೆ ರಾಜೀನಾಮೆ ಕೊಟ್ಟರು, ಈ ಸಲ ಬೇರೆ ದಾರಿ ಇರಲಿಲ್ಲ.

ಎಲ್ಲ ಪಾರ್ಟಿಯವರ ಹತ್ರಾನೂ ದುಡ್ಡು ತಗೊಂಡು, ನಮಗೆ ಬೇಕಾದವರಿಗೆ ಓಟು ಹಾಕಿದ್ರೆ ಆಯ್ತಲ್ಲ?

ಪ್ರತಿ ಚುನಾವಣೆಗೂ ಈ ಪ್ರಶ್ನೆ ಬರುತ್ತದೆ, ಕೇಳುವವರು ನಗುತ್ತಲೇ ಕೇಳುತ್ತಾರೆ. ಕಾನೂನು ಗೊತ್ತೇ ಇದೆ, 1951ರ ಪ್ರಜಾಪ್ರಾತಿನಿಧ್ಯ ಕಾಯ್ದೆ ಪ್ರಕಾರ ಅದು ಭ್ರಷ್ಟಾಚಾರ. ಅದು ಬಿಡಿ. ವಿಧಾನಸಭೆ ಅಭ್ಯರ್ಥಿ ಖರ್ಚು ಮಾಡಬಹುದಾದ್ದು 40 ಲಕ್ಷ ಅಂತ ಮಿತಿ ಇದೆ. ಒಂದು ಹೋಬಳಿಯಲ್ಲಿ ಹಂಚಿದ ಕವರುಗಳನ್ನು ನೀವೇ ಎಣಿಸಿ ಲೆಕ್ಕ ಹಾಕಿ. ಆ ದುಡ್ಡು ಅವರ ಅಜ್ಜನ ಮನೆ ಗಂಟಲ್ಲ, ಐದು ವರ್ಷದಲ್ಲಿ ವಸೂಲಾಗಲೇಬೇಕು. ನಿಮ್ಮೂರ ಹಳ್ಳದ ಕಾಲುಸಂಕ (ನಡೆದು ದಾಟುವ ಸಣ್ಣ ಸೇತುವೆ) ಎರಡೇ ಮಳೆಗೆ ಕೊಚ್ಚಿಹೋಗುವುದು, ರಸ್ತೆಗೆ ಹಾಕಿದ ಡಾಂಬರು ಚಪ್ಪಲಿಗೆ ಅಂಟಿಕೊಂಡು ಮನೆಗೆ ಬರುವುದು, ಎಲ್ಲ ಆ ಕವರಿನ ಬಾಬತ್ತೇ. ಇನ್ನು ಕೆಲವರು ಕವರಿನ ಜೊತೆ ದೇವರ ಪ್ರಸಾದ ಇಟ್ಟು ಆಣೆ ಮಾಡಿಸುತ್ತಾರೆ. ಮಾತಿಗೆ ತಪ್ಪಬಾರದು ಅನ್ನುವ ನಮ್ಮ ಒಳ್ಳೇ ಗುಣವನ್ನೇ ಹಿಡಿದು ಕೆಟ್ಟ ಕೆಲಸಕ್ಕೆ ಕಟ್ಟಿಹಾಕುವುದು ಅಂದರೆ ಇದು. ಅಂಥ ಆಣೆ ಮುರಿದರೆ ದೇವರು ಸಿಟ್ಟಾಗುತ್ತಾನೆ ಅಂತ ನನಗೆ ಅನಿಸುವುದಿಲ್ಲ.

ಇದೇ ಜಿಲ್ಲೆಯಲ್ಲಿ ಉಲ್ಟಾ ನಡೆದದ್ದೂ ಇದೆ. 1952ರಲ್ಲಿ ಶಾಂತವೇರಿ ಗೋಪಾಲಗೌಡರು ಸಾಗರದ ಕಡೆಯಿಂದ ನಿಂತಾಗ "ಒಂದು ಓಟು, ಒಂದು ನೋಟು" ಅಂತ ಜನರ ಹತ್ತಿರ ಹೋದರು ಎಂದು ಹಿರಿಯರು ಹೇಳುತ್ತಾರೆ. ಓಟು ಹಾಕುವವರೇ ಅಭ್ಯರ್ಥಿಗೆ ದುಡ್ಡು ಕೊಡಬೇಕು! ಗೆದ್ದರು ಕೂಡ. ಇವತ್ತು ಹಾಗೆ ಕೇಳಿದರೆ ಜನ ಮನೆಯೊಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಾರೋ ಏನೋ. ಆದರೆ ಒಂದು ರೂಪಾಯಿ ಕೊಟ್ಟವನಿಗೆ ಆಮೇಲೆ ಶಾಸಕನ ಅಂಗಿ ಹಿಡಿದು ಕೇಳುವ ಹಕ್ಕು ಇರುತ್ತದೆ. ಸಾವಿರ ತಗೊಂಡವನು ಯಾವ ಬಾಯಲ್ಲಿ ಕೇಳುತ್ತಾನೆ?

ದೇವಸ್ಥಾನಕ್ಕೆ ಜಾಸ್ತಿ ದುಡ್ಡು ಕೊಟ್ಟವರನ್ನ ಪಂಚಾಯ್ತಿಗೆ ಅವಿರೋಧ ಆಯ್ಕೆ ಮಾಡಿದ್ರೆ ಊರಿಗೇ ಒಳ್ಳೇದಲ್ವಾ?

ಅದು ಹರಾಜು. ದೇವಸ್ಥಾನಕ್ಕೆ ಸೂರು ಬರುತ್ತದೆ, ಬಡವನಿಗೆ ಸದಸ್ಯನಾಗುವ ಬಾಗಿಲು ಮುಚ್ಚುತ್ತದೆ.

ಊರಿನವರೆಲ್ಲ ಒಪ್ಪಿದ್ದೇ ನೀತಿ ಅಲ್ವಾ?

ಊರಿನವರೆಲ್ಲ ಒಪ್ಪಿಯೇ ಕೆಲವರನ್ನು ಬಾವಿ ಹತ್ತಿರ ಬಿಡುತ್ತಿರಲಿಲ್ಲ. ಎಲ್ಲ ಅನ್ನುವುದರಲ್ಲಿ ಯಾರು ಯಾರು ಇದ್ದರು ಅಂತ ಕೇಳಿಕೊಳ್ಳಬೇಕು. 1948ರ ನವೆಂಬರ್ 4ರಂದು ಸಂವಿಧಾನದ ಕರಡು ಮಂಡಿಸುವಾಗ ಅಂಬೇಡ್ಕರ್ ಸಾಂವಿಧಾನಿಕ ನೈತಿಕತೆ ಅನ್ನುವ ಮಾತು ಎತ್ತಿದರು. ಅದು ಹುಟ್ಟುಗುಣ ಅಲ್ಲ, ಬೆಳೆಸಿಕೊಳ್ಳಬೇಕಾದ್ದು, ನಮ್ಮ ಜನ ಅದನ್ನು ಇನ್ನೂ ಕಲಿಯಬೇಕಾಗಿದೆ ಅಂತ ನೇರವಾಗಿಯೇ ಹೇಳಿದರು. ನನಗೆ ತಿಳಿದ ಮಟ್ಟಿಗೆ ಅದರ ಅರ್ಥ ಇಷ್ಟು: ಮುಖ ನೋಡದೆ, ಕುಲ ಕೇಳದೆ, ಎಲ್ಲರಿಗೂ ಒಂದೇ ಕೊಳಗ. ಅಸ್ಪೃಶ್ಯತೆಯನ್ನು 17ನೇ ವಿಧಿ ತೆಗೆದುಹಾಕಿತು. ಜಗಲಿಯ ಮೇಲೆ ಯಾರು ಕೂರಬಹುದು, ಯಾರು ಅಂಗಳದಲ್ಲೇ ನಿಲ್ಲಬೇಕು ಅನ್ನುವುದು ಇನ್ನೂ ಎಷ್ಟೋ ಮನೆಗಳಲ್ಲಿ ಮಾತಿಲ್ಲದೆ ನಡೆಯುತ್ತಿದೆ. ನಮ್ಮ ಜಗಲಿಗೆ ಅರ್ಜಿ ಬರೆಸಲು ಬಂದ ಒಬ್ಬರು ಮೊದಲ ಎರಡು ಭಾನುವಾರ ಮೆಟ್ಟಿಲ ಮೇಲೆಯೇ ಕೂತಿದ್ದರು. ಬನ್ನಿ ಅಂತ ನಾನು ಬಾಯಲ್ಲಿ ಹೇಳಿದ್ದೆ. ಕುರ್ಚಿ ಹಾಕಿರಲಿಲ್ಲ.

ಅರಣ್ಯ ಒತ್ತುವರಿ ಮಾಡಿದವರೆಲ್ಲ ನೀತಿಗೆಟ್ಟವರಾ?

ಮಲೆನಾಡಿನಲ್ಲಿ ಇದಕ್ಕಿಂತ ಕಷ್ಟದ ಪ್ರಶ್ನೆ ಇಲ್ಲ ಮಾರಾಯ್ರೆ. ಒತ್ತುವರಿ ಅನ್ನುವ ಒಂದೇ ಶಬ್ದದಲ್ಲಿ ಇಬ್ಬರನ್ನು ಕಟ್ಟಿಹಾಕಿದ್ದೇವೆ.

ಒಬ್ಬರು ಶರಾವತಿಯ ಮುಳುಗಡೆಯವರು. ಲಿಂಗನಮಕ್ಕಿ ಅಣೆಕಟ್ಟು ಮುಗಿದಿದ್ದು 1964ರಲ್ಲಿ. ನಾಡಿಗೆಲ್ಲ ಬೆಳಕು ಬಂತು, ಇವರ ಗದ್ದೆ, ತೋಟ, ಮನೆ ನೀರಿಗೆ ಹೋಯಿತು. ಸರ್ಕಾರವೇ ಲಾರಿಯಲ್ಲಿ ಕರೆತಂದು ಕಾಡಿನಲ್ಲಿ ಇಳಿಸಿ, ಇಲ್ಲಿ ಇರಿ ಅಂದಿತು. ಎಷ್ಟೋ ಜನರಿಗೆ ಹಕ್ಕುಪತ್ರ ಕೊಡಲೇ ಇಲ್ಲ. 1980ರಲ್ಲಿ ಅರಣ್ಯ ಸಂರಕ್ಷಣಾ ಕಾಯ್ದೆ ಬಂತು, ಅರಣ್ಯ ಭೂಮಿ ಬಿಡಿಸಬೇಕು ಅಂದರೆ ಕೇಂದ್ರದ ಒಪ್ಪಿಗೆ ಬೇಕಾಯಿತು. 2006ರಲ್ಲಿ ಅರಣ್ಯ ಹಕ್ಕು ಕಾಯ್ದೆ ಬಂದಾಗ ಸ್ವಲ್ಪ ಆಸೆ ಹುಟ್ಟಿತು. ಆದರೆ ಪರಿಶಿಷ್ಟ ಪಂಗಡಕ್ಕೆ ಸೇರದವರು ಮೂರು ತಲೆಮಾರು, ಅಂದರೆ 75 ವರ್ಷ, ಕಾಡಿನಲ್ಲಿ ಬದುಕಿದ್ದಕ್ಕೆ ದಾಖಲೆ ತೋರಿಸಬೇಕು. ಕಾಯ್ದೆ ಹೇಳುವ ಹಾಗೆ 2005ರಿಂದ 75 ವರ್ಷ ಹಿಂದಕ್ಕೆ ಎಣಿಸಿದರೆ 1930. ಆಗ ಇವರ ಅಜ್ಜ ಇದ್ದ ಊರು ಎಲ್ಲಿದೆ? ಹಿನ್ನೀರಿನ ಅಡಿಯಲ್ಲಿ. ನೀರು ಇಳಿದ ಬೇಸಿಗೆಯಲ್ಲಿ ಮನೆಯ ಪಾಯ, ಬಾವಿಕಟ್ಟೆ ಎದ್ದು ಕಾಣುತ್ತದೆ, ಕಚೇರಿಗೆ ತರಲಿಕ್ಕೆ ಬರುವುದಿಲ್ಲ. ಇವರನ್ನು ನಾವು ನೋಟಿಸಿನಲ್ಲಿ "ಒತ್ತುವರಿದಾರ" ಅಂತ ಬರೆಯುತ್ತೇವೆ. ಅಂಥ ನೋಟಿಸು ನನ್ನ ಕೈಯಿಂದಲೂ ಟೈಪಾಗಿವೆ.

ಇನ್ನೊಬ್ಬರು, ನಲವತ್ತೆಕರೆ ತೋಟ ಇದ್ದೂ ಪ್ರತಿ ವರ್ಷ ಬೇಲಿಯನ್ನು ನಾಲ್ಕು ಮಾರು ಕಾಡಿನೊಳಗೆ ಸರಿಸುವವರು. ತೋಟಕ್ಕೆ ಸೊಪ್ಪು ತರಲಿಕ್ಕೆ ಅಂತ ಬಿಟ್ಟ ಸೊಪ್ಪಿನ ಬೆಟ್ಟ ಕಡಿದು ಅಡಿಕೆ ಇಟ್ಟವರು. ಜೆಸಿಬಿ ಬಂದಾಗ ಇವರೇ ಮುಳುಗಡೆಯವರನ್ನು ಮುಂದೆ ನಿಲ್ಲಿಸಿ ಬಡವರ ಮೇಲೆ ದೌರ್ಜನ್ಯ ಅಂತ ಕೂಗುತ್ತಾರೆ. ಇಬ್ಬರಿಗೂ ಒಂದೇ ಕಾನೂನು ಅನ್ನುವುದು ಕೇಳಲಿಕ್ಕೆ ಚೆಂದ. ಆದರೆ ಒಬ್ಬನಿಂದ ಸರ್ಕಾರ ತಗೊಂಡಿದೆ, ಇನ್ನೊಬ್ಬ ಸರ್ಕಾರದಿಂದ ತಗೊಂಡಿದ್ದಾನೆ. ಸಾಲ ಇಟ್ಟುಕೊಂಡವನು ಸಾಲ ಕೊಟ್ಟವನನ್ನೇ ಕಳ್ಳ ಅನ್ನಬಾರದು. ಸರ್ಕಾರಕ್ಕೂ ನೀತಿ ಬೇಕು ಅಂತ ನಾನು ಹೇಳುವುದು ಇದಕ್ಕೇ. ನೌಕರರು ಲಂಚ ಬಿಟ್ಟ ಮಾತ್ರಕ್ಕೆ ಮುಗಿಯಲಿಲ್ಲ, ಕೊಟ್ಟ ಮಾತನ್ನು ಸರ್ಕಾರ ಅರವತ್ತು ವರ್ಷ ಆದರೂ ಉಳಿಸಿಕೊಳ್ಳಬೇಕು.

ಶಾಲೆಯಲ್ಲಿ ನೀತಿಪಾಠ ಇಟ್ರೆ ಸರಿಹೋಗುತ್ತಾ?

ನಮಗೂ ಇತ್ತು. ಪಾಠ ಮುಗಿದ ಮೇಲೆ ಮೇಷ್ಟ್ರ ತೋಟಕ್ಕೆ ನೀರು ಹೊತ್ತೆವು. ಯಾವುದು ತಲೆಯಲ್ಲಿ ಉಳಿದಿದೆ ಅಂತ ಹೇಳಬೇಕಾ?

ನಾನೊಬ್ಬ ಏನು ಮಾಡಕ್ಕಾಗುತ್ತೆ?

ಗ್ರಾಮಸಭೆಗೆ ಹೋಗಿ. ಸುಮ್ನೆ ಹೋಗಿ ಕೂತರೂ ಅರ್ಧ ಕೆಲಸ ಆಯಿತು, ಯಾಕೆಂದರೆ ಎಷ್ಟೋ ಕಡೆ ಗ್ರಾಮಸಭೆ ಅಂದರೆ ಮನೆಮನೆಗೆ ಪುಸ್ತಕ ಕಳಿಸಿ ಸಹಿ ಹಾಕಿಸಿಕೊಳ್ಳುವುದು ಅಂತಾಗಿದೆ. ಸಭೆಗೆ ಹೋಗದೆ ಆ ಪುಸ್ತಕಕ್ಕೆ ಸಹಿ ಹಾಕಬೇಡಿ. ಅದೂ ಒಂದು ಸುಳ್ಳು ಸಾಕ್ಷಿಯೇ. ಹೋದಾಗ ಒಂದೇ ಪ್ರಶ್ನೆ ಕೇಳಿ, ಹತ್ತು ಬೇಡ: "ನಮ್ಮ ಕೇರಿ ಕಾಲುಸಂಕಕ್ಕೆ ಎಷ್ಟು ಮಂಜೂರು, ಎಷ್ಟು ಖರ್ಚು, ಬಿಲ್ಲು ತೋರಿಸಿ."

ತೋರಿಸದಿದ್ದರೆ ಮಾಹಿತಿ ಹಕ್ಕು. 2005ರ ಕಾಯ್ದೆ, 10 ರೂಪಾಯಿ ಶುಲ್ಕ, ಬಿಪಿಎಲ್ ಕಾರ್ಡಿನವರಿಗೆ ಅದೂ ಇಲ್ಲ. ನಮ್ಮ ರಾಜ್ಯದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ ಮುಗಿಸಬೇಕು. 30 ದಿನದಲ್ಲಿ ಉತ್ತರ ಬರಬೇಕು. ಬರದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ, ಅದೂ ಆಗದಿದ್ದರೆ ಮಾಹಿತಿ ಆಯೋಗ. ವಿನಾಕಾರಣ ತಡ ಮಾಡಿದ ಅಧಿಕಾರಿಗೆ ದಿನಕ್ಕೆ 250 ರೂಪಾಯಿಯಂತೆ 25,000ದವರೆಗೆ ದಂಡ ಹಾಕಬಹುದು. "ಯಾಕೆ ಮಾಡಿಲ್ಲ" ಅಂತ ಬರೆಯಬೇಡಿ, ಯಾಕೆ ಅನ್ನುವುದಕ್ಕೆ ಉತ್ತರ ಕೊಡಬೇಕಾಗಿಲ್ಲ ಅಂತ ತಿರುಗಿಸಿ ಕಳಿಸುತ್ತಾರೆ. "ಅಳತೆ ಪುಸ್ತಕದ ಪ್ರತಿ ಕೊಡಿ, ಬಿಲ್ಲಿನ ಪ್ರತಿ ಕೊಡಿ" ಅಂತ ಕಾಗದ ಕೇಳಿ. ಮತ್ತೆ ಒಂದು ಮಾತು, ಮಾಹಿತಿ ಹಕ್ಕನ್ನು ಹಿಡಿದು ಪಿಡಿಓ (ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ) ಹತ್ತಿರ ದುಡ್ಡು ಕೀಳುವವರೂ ಹುಟ್ಟಿಕೊಂಡಿದ್ದಾರೆ. ಅಂಥವರಿಗೆ ನಾನು ಅರ್ಜಿ ಬರೆದುಕೊಡುವುದಿಲ್ಲ, ದಯವಿಟ್ಟು ಬರಬೇಡಿ.

ಅರ್ಜಿ ಬರೆದುಕೊಡಕ್ಕೆ ಎಷ್ಟು ತಗೋತೀರಿ? ಯಾವಾಗ ಬರ್ಬೇಕು?

ಏನೂ ಇಲ್ಲ. ಭಾನುವಾರ ಎಂಟರಿಂದ ಹನ್ನೊಂದು. ಕಾಗದ ಎಲ್ಲ ತನ್ನಿ, ಮಳೆಗಾಲ ಆದರೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ತನ್ನಿ. ಬಾಳೆಗೊನೆ ತರಬೇಡಿ. ಜಗಲಿಯಲ್ಲಿ ಎಂಟು ಕುರ್ಚಿ ಹಾಕಿರುತ್ತೇನೆ, ಬಂದ ಸಾಲಿನಲ್ಲೇ ಕೂರಬೇಕು, ದೂರದ ಬಸ್ಸು ಇರುವವರು ಮೊದಲೇ ಹೇಳಿದರೆ ಉಳಿದವರನ್ನು ಕೇಳಿ ಮುಂದೆ ಕರೆಯುತ್ತೇನೆ. ಹೋದ ತಿಂಗಳು ನಮ್ಮ ಭಾವ ಬಂದಿದ್ದ, ಪೋಡಿ ಅರ್ಜಿಗೆ. ಆರನೇ ಕುರ್ಚಿ ತೋರಿಸಿದೆ. ಹತ್ತು ನಿಮಿಷ ಕೂತ, ಆಮೇಲೆ ಒಳಗೆ ಹೋಗಿ ತಂಗಿಯ ಹತ್ತಿರ ಏನೇನೋ ಅಂದು, ಕಾಫಿನೂ ಕುಡಿಯದೆ ಬೈಕ್ ಹತ್ತಿ ಹೋದ. ಅವನ ಪಹಣಿ ಇನ್ನೂ ನಮ್ಮ ಮನೆಯಲ್ಲೇ ಇದೆ.